ಕಟ್ಟೆಯ ಮೇಲೆ ಕುಳಿತರೆ ಹೋಟೆಲಿಗೆ ಹೋದಂತಲ್ಲ

ನಮ್ಮ ಮನೆಯಲ್ಲಿ ಹೋಟೆಲು ಎನ್ನುವುದು ಜಾಗದ ಹೆಸರಾಗಿರಲಿಲ್ಲ, ಬೈಗುಳವಾಗಿತ್ತು. ಸಾರಿನಲ್ಲಿ ಬೇಳೆ ಕಂಡರೆ ಅದು ಸಾರು, ಕಾಣದಿದ್ದರೆ ಹೋಟ್ಲು ಸಾರು. ಬಾಗಿಲು ಹಾಕದೆ ಒಳಗೆ ಬಂದವರಿಗೆ ‘ಇದೇನು ಹೋಟ್ಲೇ?’ ಎಂಬ ಪ್ರಶ್ನೆ. ಹೆಣ್ಣುಮಕ್ಕಳು ಹಲ್ಲು ಕಾಣುವಂತೆ ನಕ್ಕರೆ ಹೋಟ್ಲು ನಗು, ಗಂಡಸರು ಊಟಕ್ಕೆ ತಡವಾಗಿ ಬಂದರೆ ಹೋಟ್ಲು ಬುದ್ಧಿ. ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ಹುಟ್ಟಿದಾಗಿನಿಂದ ಯಾವ ಹೋಟೆಲಿನ ಮೆಟ್ಟಿಲನ್ನೂ ತುಳಿದವರಲ್ಲ. ಆದರೆ ಹೋಟೆಲಿನ ಬಗ್ಗೆ ಅವರಿಗಿದ್ದಷ್ಟು ವಿವರವಾದ ಜ್ಞಾನ ದೇವರ ಬಗ್ಗೆಯೂ ಇರಲಿಲ್ಲ. ನಿನ್ನೆ ಮಿಕ್ಕ ಇಡ್ಲಿ ಇವತ್ತಿನ ಉಪ್ಪಿಟ್ಟು, ಇವತ್ತಿನ ಉಪ್ಪಿಟ್ಟು ನಾಳೆಯ ಬೋಂಡ, ನಾಳೆಯ ಬೋಂಡ ನಾಡಿದ್ದು ಏನಾಗುತ್ತದೆಂದು ಹೇಳುವುದಕ್ಕೆ ಅವರಿಗೇ ನಾಚಿಕೆಯಂತೆ. ಇದನ್ನೆಲ್ಲ ಅವರು ನಡುಮನೆಯ ಕಂಬಕ್ಕೆ ಒರಗಿ ಕುಳಿತು, ಬತ್ತಿ ಹೊಸೆಯುತ್ತ, ಬೇರೆ ಯಾರಿಗೋ ಹೇಳುವಂತೆ ಗೋಡೆಗೆ ಹೇಳುತ್ತಿದ್ದರು. ಕೇಳಿಸಬೇಕಾದದ್ದು ಅಡುಗೆಮನೆಯ ಒಲೆಯ ಮುಂದಿದ್ದ ನಮ್ಮಮ್ಮನಿಗೆ. ಯಾಕೆಂದರೆ ನಮ್ಮಮ್ಮ ಹೋಟೆಲಿನವರ ಮಗಳು.

ನಾನು ಮಾತು ಕಲಿತದ್ದು ಆ ಕಂಬದ ಬುಡದಲ್ಲಿ. ಈಗಲೂ ನನ್ನ ಬಾಯಿಂದ ಹೊಗಳಿಕೆ ಸಲೀಸಾಗಿ ಹೊರಡುವುದಿಲ್ಲ, ಮೂದಲಿಕೆ ಮಾತ್ರ ಕುದಿಯುವ ಎಸರಿನಂತೆ ತಾನಾಗಿ ಉಕ್ಕುತ್ತದೆ. ಅದಕ್ಕೆ ನನ್ನನ್ನು ಬೈದು ಪ್ರಯೋಜನವಿಲ್ಲ, ಕಂಬವನ್ನು ಬೈಯಬೇಕು. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳು ಹೆಚ್ಚಾಗಿದ್ದವು. ಹಾಲು ಪುಟ್ಟೇನಹಳ್ಳಿಯಿಂದ ಸೈಕಲ್ಲಿನ ಮೇಲೆ ಬರುತ್ತಿತ್ತು, ಅದರಲ್ಲಿ ಆ ಊರಿನ ಕೆರೆಯೂ ಸ್ವಲ್ಪ ಬರುತ್ತದೆಂದು ಅಜ್ಜಿ ಹೇಳುತ್ತಿದ್ದರು. ಮುಂದೆ ಜಗಲಿ, ಅದರಲ್ಲಿ ತಾತನ ಆರಾಮಕುರ್ಚಿ. ಆಮೇಲೆ ನಡುಮನೆ, ದೇವರಮನೆ, ಅಡುಗೆಮನೆ, ಹಿತ್ತಲು. ಅಡುಗೆಮನೆಗೆ ಎರಡು ಬಾಗಿಲು. ನಡುಮನೆಯ ಕಡೆಯ ಬಾಗಿಲಿನಿಂದ ತಿರಸ್ಕಾರ ಒಳಗೆ ಬರುತ್ತಿತ್ತು; ಹಿತ್ತಲ ಕಡೆಯ ಬಾಗಿಲಿನಿಂದ ಏನು ಬರುತ್ತಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ.

ಅಷ್ಟು ಅಸಹ್ಯವಿದ್ದವರು ಹೋಟೆಲಿನವರ ಮಗಳನ್ನೇಕೆ ತಂದುಕೊಂಡರು ಎಂದು ನೀವು ಕೇಳಬಹುದು. ನಮ್ಮ ತಾತ ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ತಮ್ಮ ಕೈಯ ಕೆಳಗೆ ಈಗ ಗುಮಾಸ್ತರಿಲ್ಲ ಎಂಬುದನ್ನು ಅವರಿಗೆ ಯಾರೂ ಸರಿಯಾಗಿ ತಿಳಿಸಿರಲಿಲ್ಲ. ಅಪ್ಪನಿಗೆ ಹೆಣ್ಣು ನೋಡಲು ಚಾಮರಾಜಪೇಟೆಗೆ ಹೋದಾಗ, ಮೊದಲೇ ಬೇಡವೆಂದು ನಿಶ್ಚಯಿಸಿಕೊಂಡೇ ಹೋಗಿದ್ದರಂತೆ. ಹೆಣ್ಣಿನ ತಂದೆಗೆ ಅಲ್ಲೊಂದು ಸಣ್ಣ ಹೋಟೆಲು, ಅದರ ಹಿಂದೆಯೇ ಮನೆ. ತಾಯಿ ತೀರಿಕೊಂಡಿದ್ದರು. ಬಾದಾಮಿ ಹಲ್ವ ಬಂತು. ತಾತ ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ಹಾಕಿಸಿಕೊಳ್ಳುವಾಗ ಜಾತಕ ಕೂಡಿತು. ಕೂಡಿದ್ದು ಜಾತಕವಲ್ಲ, ತುಪ್ಪ ಮತ್ತು ಸಕ್ಕರೆ. ಆದರೆ ನಮ್ಮ ವಂಶದಲ್ಲಿ ನಾಲಿಗೆ ಮಾಡಿದ ತೀರ್ಮಾನಕ್ಕೆ ಶಾಸ್ತ್ರ ಸಾಕ್ಷಿ ಹೇಳುವುದು ಹೊಸದೇನಲ್ಲ. ನೆಂಟರಿಗೆಲ್ಲ ಹುಡುಗಿಯ ತಂದೆಯದು ಕಾಫಿ ಬೀಜದ ವ್ಯಾಪಾರ ಎಂದು ಹೇಳಲಾಯಿತು. ಹುಡುಗಿಯ ಹೆಸರು ಗಿರಿಜಾ. ಅದೂ ಬೇಡವೆಂದು ತೀರ್ಮಾನವಾಗಿ, ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪನ ಉಂಗುರದಿಂದ ಹೊಸ ಹೆಸರು ಬರೆಸಿದರು. ಸೀತಾಲಕ್ಷ್ಮಿ. ಹಳೆಯ ಹೆಸರಿನ ಜೊತೆಗೆ ಹೋಟೆಲಿನ ವಾಸನೆಯೂ ಹೋಗುತ್ತದೆಂದು ಅಜ್ಜಿಯ ನಂಬಿಕೆ. ವಾಸನೆ ಹೋಯಿತೋ ಇಲ್ಲವೋ, ಗಿರಿಜಾ ಎನ್ನುವವಳು ಆ ದಿನದಿಂದ ಯಾರ ಬಾಯಲ್ಲೂ ಉಳಿಯಲಿಲ್ಲ. ಅವಳ ಅಪ್ಪ ಕೂಡ ಬೀಗರ ಎದುರಿಗೆ ಮಗಳನ್ನು ಸುಮ್ಮನೆ ‘ಏನಮ್ಮಾ’ ಎನ್ನುತ್ತಿದ್ದರು.

ನಾನು ಶಾಲೆಗೆ ಸೇರಿದ ಕಾಲಕ್ಕೆ ನಮ್ಮ ರಸ್ತೆಯ ಮೂಲೆಯಲ್ಲಿ ಗೌಡರೊಬ್ಬರು ಹೊಸದಾಗಿ ಕಟ್ಟಿಸಿದ ಮಳಿಗೆಗೆ ಯಾರೋ ಸುಣ್ಣ ಬಳಿಸಿದರು, ಒಲೆ ಹಾಕಿಸಿದರು, ಅಮೃತಶಿಲೆಯ ಹಲಗೆಯ ಮೇಜುಗಳು ಗಾಡಿಯಲ್ಲಿ ಬಂದವು. ಯಾರೋ ಅಲ್ಲ, ಅಮ್ಮನ ಅಪ್ಪ. ನಾವು ಮಕ್ಕಳು ಅವರನ್ನು ಹೋಟ್ಲು ತಾತ ಎನ್ನುತ್ತಿದ್ದೆವು. ಚಾಮರಾಜಪೇಟೆಯದನ್ನು ತಮ್ಮನಿಗೆ ಬಿಟ್ಟು, ಮಗಳಿರುವ ಬೀದಿಯಲ್ಲೇ ಇವರು ಹೋಟೆಲು ತೆಗೆದರು. ಒಂದು ಬೆಳಿಗ್ಗೆ ನಮ್ಮ ತಾತ ಲಾಲ್‌ಬಾಗಿನ ಕಡೆ ವಾಕಿಂಗು ಮುಗಿಸಿ ಬರುವಾಗ ತಲೆಯೆತ್ತಿ ನೋಡಿದರೆ, ನೀಲಿ ತಗಡಿನ ಮೇಲೆ ಹಳದಿ ಅಕ್ಷರ: ಗಿರಿಜಾ ಫಲಾಹಾರ ಮಂದಿರ. ತಾತನ ಕೋಲು ನೆಲಕ್ಕೆ ಬಡಿದ ಸದ್ದು ನಮ್ಮ ಜಗಲಿಗೆ ಕೇಳಿಸಿತು ಎಂದು ಅಜ್ಜಿ ಹೇಳುತ್ತಿದ್ದರು. ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವಿಲ್ಲ, ಆದರೆ ಕೇಳಿಸಬೇಕಾದ ಸದ್ದೇ ಅದು. ಆ ಸಂಜೆಯೇ ಹೋಟ್ಲು ತಾತನನ್ನು ಜಗಲಿಗೆ ಕರೆಸಿದರು. ಕೂರಲು ಹೇಳಲಿಲ್ಲ. ಅಮ್ಮ ಬಾಗಿಲ ಹಿಂದೆ ನಿಂತಿದ್ದಳು, ನಾನು ಅಮ್ಮನ ಸೆರಗಿನ ಹಿಂದೆ.

“ಏನಿದು ಅನ್ಯಾಯ ಬೀಗರೇ? ಮನೆ ಸೊಸೆ ಹೆಸರನ್ನ ತಗಡಿನ ಮೇಲೆ ಬರೆಸಿ ಬೀದೀಲಿ ನೇತು ಹಾಕಿದೀರಲ್ಲ!”

“ಯಾರ ಹೆಸರು ಸ್ವಾಮಿ?”

“ಇನ್ಯಾರದು? ನಮ್ಮ ಸೊಸೇದು! ನಾಳೆ ಬೆಳಗಾದರೆ ಕಂಡ ಕಂಡ ಪಡ್ಡೆಗಳೆಲ್ಲ ಆ ಹೆಸರು ಹೇಳ್ಕೊಂಡು ಕಾಫಿ ಕುಡೀಬೇಕಾ?”

ಹೋಟ್ಲು ತಾತ ಹೆಗಲ ಮೇಲಿನ ಚೌಕದಿಂದ ಕೈ ಒರೆಸಿಕೊಂಡರು. ಕೈ ಒದ್ದೆಯಾಗಿರಲಿಲ್ಲ, ಅದು ಅವರ ಅಭ್ಯಾಸ.

“ನಿಮ್ಮ ಸೊಸೆ ಹೆಸರು ಸೀತಾಲಕ್ಷ್ಮಿ ಅಲ್ವೇ? ಅಕ್ಕಿ ಮೇಲೆ ಬರೆಸಿದ್ದು ತಾವೇ. ಇದು ನನ್ನ ಮಗಳ ಹೆಸರು ಸ್ವಾಮಿ. ತಾವು ಬೇಡ ಅಂತ ಬಿಟ್ಟದ್ದು. ಬಿಟ್ಟ ವಸ್ತು ತಾನೇ ಅಂತ ನಾನು ಎತ್ತಿಟ್ಟುಕೊಂಡೆ.”

ಉತ್ತರವಿಲ್ಲದ ಅಧಿಕಾರಿ ಏನು ಮಾಡುತ್ತಾನೋ ಅದನ್ನೇ ಶಿರಸ್ತೇದಾರರು ಮಾಡಿದರು, ಒಂದು ಕಾನೂನು ಹೊರಡಿಸಿದರು. ನಮ್ಮ ಮನೆಯವರು ಯಾರೂ ಆ ಹೋಟೆಲಿನ ಹೊಸಿಲು ದಾಟಕೂಡದು, ಸೀತಾಲಕ್ಷ್ಮಿಯಂತೂ ಸುತರಾಂ ಕೂಡದು. ಅಮ್ಮ ಬಾಗಿಲ ಹಿಂದಿನಿಂದ ಅಡುಗೆಮನೆಗೆ ಹೋಗಿ ತಿರುವುತ್ತಿದ್ದ ಹುಳಿಯನ್ನು ತಿರುವಿದಳು. ಅಷ್ಟೇ.

ಆ ಕಾನೂನಿನಲ್ಲಿ ಎಷ್ಟು ತೂತುಗಳಿದ್ದವೆಂದರೆ ಅದರಲ್ಲಿ ಹಿಟ್ಟು ಜರಡಿ ಹಿಡಿಯಬಹುದಿತ್ತು. ಮೊದಲನೆಯ ತೂತು ಕಾನೂನು ಮಾಡಿದವರದೇ. ಹೋಟೆಲಿನ ಮುಂದೆ, ಸರಳು ಹಾಕಿದ ಕಿಟಕಿಯ ಕೆಳಗೆ, ಒಂದು ಕಲ್ಲಿನ ಕಟ್ಟೆಯಿತ್ತು. ಕಟ್ಟೆ ಹೊಸಿಲಿನಿಂದ ಈಚೆಗಿದೆ, ಆದ್ದರಿಂದ ಅದು ರಸ್ತೆ. ರಸ್ತೆಯಲ್ಲಿ ಕುಳಿತವರು ಹೋಟೆಲಿಗೆ ಹೋದಂತಲ್ಲ. ಲೋಟ ಮನೆಯದು, ಬೆಳ್ಳಿಯದು. ಆದ್ದರಿಂದ ಎಂಜಲಿನ ಪ್ರಶ್ನೆಯಿಲ್ಲ. ಇನ್ನು ಕಾಫಿ. ಅನ್ನದ ಹಾಗೆ ನೀರಿನಲ್ಲಿ ಬೆಂದದ್ದಕ್ಕೆಲ್ಲ ನಮ್ಮ ಮನೆಯಲ್ಲಿ ಮುಸುರೆ ಎಂದು ಹೆಸರು, ಕಂಡವರ ಕೈಯ ಮುಸುರೆ ತಿನ್ನುವಂತಿಲ್ಲ. ಕಾಫಿಯಲ್ಲಿ ಹಾಲಿರುವುದರಿಂದ ಅದು ಹಾಲಿನ ಪದಾರ್ಥ, ಮುಸುರೆಯಲ್ಲ ಎಂದು ತಾತ ತೀರ್ಪು ಕೊಟ್ಟರು. ವಡೆ ಎಣ್ಣೆಯಲ್ಲಿ ಕರಿದದ್ದು, ಅದಕ್ಕೂ ದೋಷವಿಲ್ಲ. ಇಡ್ಲಿ ಆವಿಯಲ್ಲಿ ಬೆಂದದ್ದು, ಮುಸುರೆಯೇ. ಮಸಾಲೆ ದೋಸೆಯ ಮಾತಂತೂ ಎತ್ತುವಂತಿಲ್ಲ. ಒಳಗೆ ಪಲ್ಯ, ಪಲ್ಯದೊಳಗೆ ಈರುಳ್ಳಿ. ಈರುಳ್ಳಿ ನಮ್ಮ ಮನೆಯ ಕಾಂಪೌಂಡಿನ ಒಳಕ್ಕೆ ಬಂದದ್ದೇ ಇಲ್ಲ. ಹೀಗೆ ದಿನಾ ಬೆಳಿಗ್ಗೆ ತಾತ ನನ್ನ ಕೈಗೆ ಬೆಳ್ಳಿ ಲೋಟ ಕೊಟ್ಟು, ಹೋಟೆಲಿಗೆ ಹೋಗದೆ ಕಟ್ಟೆಗೆ ಹೋಗುತ್ತಿದ್ದರು. ನಾನು ಶಾಲೆಗೆ ಹೊರಟ ಮೇಲೆ ಪೇಪರು ನೋಡಲೆಂದು ಇನ್ನೊಂದು ಸಲ ಹೋಗುತ್ತಿದ್ದರು. ಮನೆಗೂ ಪೇಪರು ಬರುತ್ತಿತ್ತು. ಅದು ಬೇರೆ ವಿಷಯ.

ಕಟ್ಟೆಯ ಮೇಲಿಂದ ನಾನು ಕಂಡ ಗಿರಾಕಿಗಳ ವಿಚಾರ ಹೇಳದಿದ್ದರೆ ನನ್ನ ನಾಲಿಗೆಗೆ ನೆಮ್ಮದಿಯಿಲ್ಲ. ತಾತನ ಜೊತೆಗೆ ಇನ್ನೂ ಇಬ್ಬರು ಪಿಂಚಣಿದಾರರು ಅಲ್ಲಿ ಕೂರುತ್ತಿದ್ದರು. ಮೂವರೂ ಸೇರಿ ಅರ್ಧರ್ಧ ಕಾಫಿಯನ್ನು ಆರಿಸುತ್ತ, ಸರ್ಕಾರವನ್ನು ಬೈಯುತ್ತ, ಸರ್ಕಾರ ಕೊಡುವ ಪಿಂಚಣಿ ಯಾವ ತಾರೀಕಿಗೆ ಬರುತ್ತದೆಂದು ವಿಚಾರಿಸಿಕೊಳ್ಳುತ್ತಿದ್ದರು. ಕಿಟಕಿಯಿಂದ ಒಳಗೆ ಇಣುಕಿದರೆ ಇನ್ನೊಂದು ಜಾತಿಯ ಜನ. ಸಪ್ಲೈಯರಿಂದ ಇರುವ ತಿಂಡಿಯನ್ನೆಲ್ಲ ಹಾಡಿನಂತೆ ಒಪ್ಪಿಸಿಕೊಂಡು, ಕಣ್ಣು ಮುಚ್ಚಿ ಯೋಚಿಸಿ, ಕಡೆಗೆ ದಿನಾ ತಿನ್ನುವ ಎರಡು ಇಡ್ಲಿಯನ್ನೇ ಹೇಳುವವರು. ಒಂದು ಇಡ್ಲಿಗೆ ಮೂರು ಸಲ ಸಾಂಬಾರು ಹಾಕಿಸಿಕೊಂಡು, ಆಮೇಲೆ ಸಾಂಬಾರು ತೆಳ್ಳಗಿದೆ ಎಂದು ಗಲ್ಲಾಪೆಟ್ಟಿಗೆಯ ಮುಂದೆ ದೂರುವವರು. ಮನೆಯಲ್ಲಿ ಹೆಂಡತಿ ಕಾಯಿಸಿದ ಕಾಫಿಯನ್ನು ಕಲಗಚ್ಚು ಎಂದು ಬೈದು ಬಂದು ಇಲ್ಲಿ ‘ಸ್ಟ್ರಾಂಗ್, ಸಕ್ಕರೆ ಕಮ್ಮಿ’ ಎಂದು ಹಾಕಿಸಿಕೊಂಡು, ಸಕ್ಕರೆ ಸಾಲದೆಂದು ಮತ್ತೆ ಕೇಳುವವರು. ಮೂಲೆಯಲ್ಲೊಂದು ಫ್ಯಾಮಿಲಿ ರೂಮಿತ್ತು, ಅರ್ಧ ಬಾಗಿಲು, ಹಸಿರು ಪರದೆ. ಅಲ್ಲಿಗೆ ಹೆಂಗಸರನ್ನು ಕರೆತರುವ ಗಂಡಸರು ಕಳ್ಳ ಮಾಲು ಸಾಗಿಸುವವರ ಹಾಗೆ ಆಚೀಚೆ ನೋಡಿ ಪರದೆ ಎಳೆಯುತ್ತಿದ್ದರು. ಒಳಗೆ ಆಗುತ್ತಿದ್ದ ಮಹಾಪರಾಧ ಕ್ಯಾರೆಟ್ ಹಲ್ವ. ಈಗ ಅದೇ ಮೂಲೆಯಲ್ಲಿ ನಾಲ್ಕಂತಸ್ತಿನ ಕಟ್ಟಡವೆದ್ದಿದೆ, ಕೆಳಗೆ ಕೆಫೆಯಂತೆ. ಮೊಮ್ಮಗಳು ಕರೆದುಕೊಂಡು ಹೋಗಿದ್ದಳು. ಕಾಫಿಯ ನೊರೆಯ ಮೇಲೆ ಎಲೆಯ ಚಿತ್ರ ಬಿಡಿಸಿ ಕೊಟ್ಟರು. ಎಲೆ ಚೆನ್ನಾಗಿತ್ತು.

ಎರಡನೆಯ ತೂತು ಅಜ್ಜಿಯದು. ಹಿತ್ತಲ ಬಾಗಿಲಿನಿಂದ ಏನು ಬರುತ್ತಿತ್ತು ಎಂದೆನಲ್ಲ, ಅದು ವಡೆ. ತಾತ ಕಟ್ಟೆಯಿಂದ ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬಂದದ್ದನ್ನು ಮುಂಬಾಗಿಲಿನಿಂದ ತಂದರೆ ಹೋಟೆಲಿನ ತಿಂಡಿ. ಹಿತ್ತಲಿಂದ ತಂದು, ಬಾವಿಕಟ್ಟೆಯ ಮೇಲೆ ಒಂದು ಗಳಿಗೆಯಿಟ್ಟು, ಮೇಲೊಂದು ತೊಟ್ಟು ಮನೆಯ ತುಪ್ಪ ಹಾಕಿದರೆ ಮನೆಯ ತಿಂಡಿ. ಅಜ್ಜಿ ಅದನ್ನು ಕಣ್ಣು ಮುಚ್ಚಿಕೊಂಡು ತಿಂದು, ಕಣ್ಣು ತೆರೆದ ಕೂಡಲೇ ಹೇಳುತ್ತಿದ್ದರು:

“ಥೂ, ಎಣ್ಣೆ ಮುರುಗು ವಾಸನೆ. ಹೋಟ್ಲು ಬುದ್ಧಿ ಎಲ್ಲಿಗೆ ಹೋಗುತ್ತೆ? ಲೇ ಸೀತಾಲಕ್ಷ್ಮೀ, ನಿಮ್ಮಪ್ಪ ಉದ್ದು ನೆನೆಸ್ತಾನೋ ಕಲ್ಲು ನೆನೆಸ್ತಾನೋ? ಇನ್ನೊಂದಿದ್ರೆ ಕೊಡೇ, ಬಾಯಿ ಕೆಟ್ಟುಹೋಯ್ತು.”

ಮೂರನೆಯ ತೂತು ಅಪ್ಪ. ಅವರಿಗೆ ಮಾವನ ಹೋಟೆಲಿಗೆ ಹೋಗುವ ಧೈರ್ಯವಿಲ್ಲ, ಹೋಗದೆ ಇರುವ ಧೈರ್ಯವೂ ಇಲ್ಲ. ಕಚೇರಿಯಿಂದ ಬರುವಾಗ ಬಸವನಗುಡಿಯಲ್ಲಿ ಬಸ್ಸಿಳಿದು, ಗುರುತಿನವರಿಲ್ಲದ ಯಾವುದೋ ಹೋಟೆಲಿನಲ್ಲಿ ತಿಂದು ನಡೆದುಕೊಂಡು ಬರುತ್ತಿದ್ದರು. ಮನೆಗೆ ಬಂದು ಏಲಕ್ಕಿ ಜಗಿಯುತ್ತ ‘ಯಾಕೋ ಹಸಿವಿಲ್ಲ’ ಎನ್ನುತ್ತಿದ್ದರು. ಮೀಸೆಯಲ್ಲಿ ಈರುಳ್ಳಿ ಘಂ ಎನ್ನುತ್ತಿತ್ತು. ಅಮ್ಮ ಒಮ್ಮೆ ಅವರಿಗೆ ತಟ್ಟೆಯಿಡುತ್ತ, ಯಾರೂ ಇಲ್ಲದ ಹೊತ್ತು ನೋಡಿ ಕೇಳಿದ್ದಳು, ನಾನು ಪಕ್ಕದಲ್ಲೇ ಮಗ್ಗಿ ಬರೆಯುತ್ತಿದ್ದೆ.

“ರೀ, ಅಪ್ಪ ಹೋಟ್ಲು ತೆಗೆದು ಇಷ್ಟು ವರ್ಷ ಆಯ್ತು. ಒಂದೇ ಒಂದ್ಸಲ ನಾನೂ ಒಳಗೆ ಹೋಗಿ ಕೂತು ಬರ್ಬೇಕು. ನೀವೊಂದು ಮಾತು ಮಾವನಿಗೆ ಹೇಳಿ.”

“ನೋಡೋಣ ಕಣೇ, ಸಮಯ ನೋಡ್ಕೊಂಡು ಹೇಳ್ತೀನಿ.”

ಅವರು ಸಾಯುವತನಕ ಸಮಯ ನೋಡುತ್ತಲೇ ಇದ್ದರು. ಸರ್ಕಾರಿ ಗಡಿಯಾರ.

ಅಮ್ಮನ ಪಾಲಿಗೆ ಆ ಕಾನೂನಿನಲ್ಲಿ ತೂತೇ ಇರಲಿಲ್ಲ. ಅವಳಿಗೂ ಅವಳ ಅಪ್ಪನಿಗೂ ಭೇಟಿಯಾಗುವುದು ಬೆಳಗಿನ ಜಾವ ನಮ್ಮ ಗೇಟಿನ ಮುಂದೆ. ಅವಳು ನೀರು ಚಿಮುಕಿಸಿ ರಂಗೋಲಿ ಹಾಕುವ ಹೊತ್ತಿಗೆ ಸರಿಯಾಗಿ ಅವರು ತರಕಾರಿಯ ಕುಕ್ಕೆ ಹಿಡಿದು ಹೋಟೆಲಿನ ಬಾಗಿಲು ತೆಗೆಯಲು ಹೋಗುತ್ತಿದ್ದರು. ‘ಏನಮ್ಮಾ’, ‘ಏನಪ್ಪಾ’. ನಿಲ್ಲುವುದಿಲ್ಲ, ಹೆಜ್ಜೆ ಮಾತ್ರ ನಿಧಾನವಾಗುತ್ತಿತ್ತು. ಅವಳಪ್ಪ ಮೂಲೆ ತಿರುಗುವತನಕ ಅವಳ ಕೈಯಿಂದ ರಂಗೋಲಿ ಪುಡಿ ಒಂದೇ ಕಡೆ ಸುರಿಯುತ್ತಿತ್ತು. ನಮ್ಮ ಮನೆಯ ರಂಗೋಲಿಯಲ್ಲಿ ದಿನಾ ಒಂದು ಚುಕ್ಕಿ ದಪ್ಪ. ಆಮೇಲೆ ದಿನವಿಡೀ ಅವಳಿಗೆ ಹೋಟೆಲೆಂದರೆ ಬರೀ ವಾಸನೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಮೂಗೆತ್ತಿ, ‘ಇವತ್ತು ರವೆ ಜಾಸ್ತಿ ಹುರಿದುಬಿಟ್ಟ’, ‘ಕಾಫಿ ಪುಡಿ ಹೊಸದು ತಂದಿದಾನೆ’ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ತನ್ನ ಹೆಸರಿನ ಹೋಟೆಲಿನ ಒಳಗೆ ಎಷ್ಟು ಮೇಜುಗಳಿವೆ ಎಂಬುದನ್ನು ಅವಳು ನನ್ನನ್ನು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ನಾನು ಕಿಟಕಿಯ ಸರಳಿನಿಂದ ಇಣುಕಿದ್ದನ್ನು ಬಂದು ಹೇಳುತ್ತಿದ್ದೆ. ದೇವರ ಪಟದ ಕೆಳಗಿನ ಮೊದಲನೆಯ ಮೇಜಿನ ಮೇಲೆ ಬೆಳಿಗ್ಗೆ ಬಿಸಿಲು ಬೀಳುತ್ತದೆ ಎಂದದ್ದು ಅವಳಿಗೆ ಬಹಳ ಹಿಡಿಸಿತ್ತು. ಅದನ್ನು ಎರಡೆರಡು ಸಲ ಹೇಳಿಸಿಕೊಂಡಳು.

ಕಡೆಗೊಂದು ದಿನ ಗೇಟಿನ ಮುಂದೆ ಹೋಟ್ಲು ತಾತನ ಕಾಲು ನಿಂತಿತು. ಮಳಿಗೆಯ ಗೌಡರು ತಮ್ಮ ಮಗನಿಗೆ ಬಟ್ಟೆ ಅಂಗಡಿ ಹಾಕಿಸಿಕೊಡುತ್ತಾರಂತೆ, ಜಾಗ ಬಿಡಬೇಕಂತೆ. ‘ನನಗೂ ಹೊಗೆಗೆ ಕಣ್ಣು ತಡೀತಿಲ್ಲ ಕಣಮ್ಮಾ. ಬರೋ ಭಾನುವಾರ ಕೊನೆ. ಚಾಮರಾಜಪೇಟೆಗೆ ಹೋಗಿ ತಮ್ಮನ ಜೊತೆ ಇದ್ದುಬಿಡ್ತೀನಿ’ ಎಂದರು. ಅಮ್ಮ ರಂಗೋಲಿ ಮುಗಿಸಲಿಲ್ಲ. ಅವತ್ತು ರಾತ್ರಿ, ಗಂಡಸರಿಗೆ ಬಡಿಸುತ್ತ, ಅಪ್ಪನ ಮುಖ ನೋಡದೆ ನೇರವಾಗಿ ತಾತನಿಗೇ ಹೇಳಿದಳು. ಅವಳು ಮಾವನ ಎದುರು ಇಡೀ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಭಾನುವಾರ ಅಪ್ಪ ಹೋಟ್ಲು ಮುಚ್ತಾನಂತೆ ಮಾವ. ಮುಚ್ಚೋ ಮುಂಚೆ ಒಂದ್ಸಲ ಹೋಗಿ, ಕೂತು, ತಿಂದು ಬರ್ಲಾ?”

ತಾತ ಮೊದಲು ಅನ್ನದಲ್ಲಿ ಸಾರಿಗೆ ಗುಳಿ ಮಾಡಿದರು.

“ಮುಚ್ಚೋ ಹೋಟ್ಲಲ್ಲಿ ನೋಡೋದೇನಮ್ಮಾ ಇದೆ? ಮಸಿ ಹಿಡಿದ ಗೋಡೆ. ಶಿರಸ್ತೇದಾರರ ಮನೆ ಸೀತಾಲಕ್ಷ್ಮಿ ಹೋಟ್ಲಲ್ಲಿ ಕೂತು ತಿಂದಳು ಅಂದ್ರೆ ಊರು ನಮ್ಮ ಮುಖಕ್ಕೆ ಉಗಿಯುತ್ತೆ. ಸೀತಾಲಕ್ಷ್ಮಿ ಹೋಗಕೂಡದು. ಸಾರು ಹಾಕು.”

ನಡುಮನೆಯ ಕಂಬ ಅದಕ್ಕೆ ಒಗ್ಗರಣೆ ಹಾಕಿತು:

“ಎಷ್ಟು ತೊಳೆದರೂ ಅಷ್ಟೇ. ಹಂಡೆ ಮಸಿ.”

ಅಪ್ಪ ತಟ್ಟೆಯಲ್ಲಿ ಕರಿಬೇವು ಹುಡುಕುತ್ತಿದ್ದರು. ಅಮ್ಮ ಸಾರು ಹಾಕಿದಳು.

ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಮೂವರೂ ಪಿಂಚಣಿದಾರರು, ನಾನು, ಬೆಳ್ಳಿ ಲೋಟ. ಕೊನೆಯ ದಿನವೆಂದು ಜನ ಜಾತ್ರೆಯಂತೆ ನೆರೆದಿದ್ದರು. ಇಷ್ಟು ವರ್ಷ ಸಾಂಬಾರು ತೆಳ್ಳಗಿದೆ ಎಂದವರೇ ಈಗ ಇಂಥ ಸಾಂಬಾರು ಇನ್ನೆಲ್ಲಿ ಎಂದು ಮರುಗುತ್ತಿದ್ದರು. ಸತ್ತವರ ಮನೆಯ ಮುಂದೆ ಸಾಲಗಾರರು ಅಳುವಂತೆ. ಆಗ ನಮ್ಮ ಮನೆಯ ಕಡೆಯಿಂದ ಅಮ್ಮ ಬರುವುದು ಕಂಡಿತು. ತಲೆಗೆ ಸ್ನಾನ ಮಾಡಿ ಮುಡಿ ಕಟ್ಟಿದ್ದಳು, ಮೆಂತ್ಯದ ಬಣ್ಣದ ಸೀರೆ. ಅದು ತವರಿನ ಸೀರೆಯೆಂದು ನನಗೆ ಗೊತ್ತಿತ್ತು. ಒಬ್ಬಳೇ, ರಸ್ತೆಯ ಮಧ್ಯದಲ್ಲಿ, ಅವಸರವಿಲ್ಲದೆ. ತಾತ ಲೋಟ ಕೆಳಗಿಟ್ಟರು.

“ಸೀತಾಲಕ್ಷ್ಮೀ! ಎಲ್ಲಿಗೆ?”

ಅಮ್ಮ ತಿರುಗಲಿಲ್ಲ. ಕಟ್ಟೆಯ ಪಕ್ಕದಲ್ಲೇ, ಸೀರೆಯ ಅಂಚು ತಾತನ ಪಂಚೆಗೆ ತಾಗುವಷ್ಟು ಹತ್ತಿರದಲ್ಲಿ ಬಂದಳು.

“ಏ ಸೀತಾಲಕ್ಷ್ಮೀ! ನಿನಗೇ ಹೇಳ್ತಿರೋದು!”

ಆಗ ಅವಳು ನಿಂತು, ಹಿಂದೆ ನೋಡಿದಳು, ಆಚೆ ನೋಡಿದಳು. ಯಾರನ್ನೋ ಕರೆಯುತ್ತಿದ್ದಾರಲ್ಲ, ಆ ಹೆಂಗಸು ಎಲ್ಲಿ ಎಂದು ಹುಡುಕುವವಳಂತೆ. ಯಾರೂ ಕಾಣದ್ದರಿಂದ ಬೋರ್ಡಿನ ಕಡೆ ಒಂದು ಸಲ ಕತ್ತೆತ್ತಿ, ಮೆಟ್ಟಿಲು ಹತ್ತಿ, ಹೊಸಿಲು ದಾಟಿ ಒಳಗೆ ಹೋದಳು.

ತಾತ ಎದ್ದರು. ಬಾಗಿಲ ಹತ್ತಿರಕ್ಕೆ ಹೋದರು. ಬಲಗಾಲು ಎತ್ತಿದರು. ಹಾಗೇ ನಿಂತರು. ಒಳಗೆ ಹೋಗಿ ಸೊಸೆಯನ್ನು ಹೊರಡಿಸಬೇಕೆಂದರೆ ಹೊಸಿಲು ದಾಟಬೇಕು. ದಾಟಿದರೆ ಶಿರಸ್ತೇದಾರರು ಹೋಟೆಲಿಗೆ ಹೋದಂತಾಯಿತು, ಅದೂ ಇಡೀ ಬಡಾವಣೆಯ ಕಣ್ಣೆದುರಿಗೆ. ಇಷ್ಟು ವರ್ಷ ಕಟ್ಟಿಕೊಂಡ ಕಾನೂನು ಎತ್ತಿದ ಕಾಲನ್ನು ಹಿಡಿದುಕೊಂಡಿತ್ತು. ಕೊಕ್ಕರೆ ಕೂಡ ಅಷ್ಟು ಹೊತ್ತು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ. ಕಡೆಗೆ ಕಾಲನ್ನು ಈಚೆಗೇ ಇಳಿಸಿ ನನ್ನ ಕಡೆ ತಿರುಗಿದರು.

“ಹೋಗೇ, ನಿಮ್ಮಮ್ಮನ್ನ ಕರ್ಕೊಂಡು ಬಾ.”

“ನಾನೂ ಹೊಸಿಲು ದಾಟೋ ಹಾಗಿಲ್ವಲ್ಲ ತಾತ?”

“ಅಧಿಕಪ್ರಸಂಗ ಬೇಡ! ಹೋಗು ಅಂದ್ರೆ ಹೋಗು!”

ಕಾನೂನು ಮಾಡಿದವರೇ ಕಳಿಸಿದ ಮೇಲೆ ನನಗೇನು? ಒಳಗೆ ಹೋದೆ, ಅಮ್ಮನ ಪಕ್ಕದಲ್ಲಿ ಕುಳಿತೆ, ಆಮೇಲೆ ಏಳಲಿಲ್ಲ. ಅವಳು ಕುಳಿತಿದ್ದದ್ದು ದೇವರ ಪಟದ ಕೆಳಗಿನ ಮೊದಲನೆಯ ಮೇಜಿನಲ್ಲಿ. ಬಿಸಿಲು ಸರಿಯಾಗಿ ಅವಳ ಕೈಯ ಮೇಲೆ ಬಿದ್ದಿತ್ತು. ಹೊಸ ಸಪ್ಲೈಯರ್ ಒಬ್ಬ ಓಡಿ ಬಂದ.

“ಫ್ಯಾಮಿಲಿ ರೂಮ್ ಆ ಕಡೆ ಐತೆ ಅಮ್ಮಾ.”

“ಯಾಕಪ್ಪಾ, ನಾನಿಲ್ಲಿ ಕೂತ್ರೆ ಕಾವಲಿ ಮೇಲೆ ದೋಸೆ ಬೇಯಲ್ವಾ? ಎರಡು ಮಸಾಲೆ ಹೇಳು.”

ಗಲ್ಲಾಪೆಟ್ಟಿಗೆಯ ಹಿಂದೆ ಹೋಟ್ಲು ತಾತ ಎದ್ದು ನಿಂತಿದ್ದರು. ಚೌಕದಿಂದ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಸಪ್ಲೈಯರನ್ನು ಪಕ್ಕಕ್ಕೆ ಸರಿಸಿ ತಾವೇ ಒಲೆಯ ಕಡೆ ಹೋಗಿ, ತಾವೇ ಹುಯ್ದು, ತಾವೇ ತಟ್ಟೆ ಹಿಡಿದು ಬಂದರು. ಮೇಜಿನ ಮೇಲಿಟ್ಟು, ಪರೀಕ್ಷೆ ಕೊಟ್ಟ ಹುಡುಗನ ಹಾಗೆ ಕೈಕಟ್ಟಿ ನಿಂತರು. ಅಮ್ಮ ಅಂಚು ಮುರಿದಳು. ಪಲ್ಯಕ್ಕೆ ಅದ್ದಿ ಬಾಯಿಗಿಟ್ಟಳು. ಮದುವೆಯಾದಂದಿನಿಂದ ಈರುಳ್ಳಿ ಮುಟ್ಟದ ಬಾಯಿ ಅದು. ನಿಧಾನವಾಗಿ ಅಗಿದಳು. ಅಳುತ್ತಾಳೆ ಎಂದುಕೊಂಡೆ. ಬದಲಿಗೆ ಅವಳ ಹುಬ್ಬು ಮೇಲಕ್ಕೆ ಹೋಯಿತು. ನಮ್ಮ ಮನೆಯ ಕಂಬದ ಹುಬ್ಬು, ಅಜ್ಜಿಯದೇ ಗೀಟು.

“ಏನಪ್ಪಾ ಇದು? ಪಲ್ಯದಲ್ಲಿ ಈರುಳ್ಳೀನ ದೀಪ ಹಿಡಿದು ಹುಡುಕಬೇಕಲ್ಲ! ಬರೀ ಆಲೂಗಡ್ಡೆ ಮುದ್ದೆ. ದಿನಾ ಊರಿಗೆಲ್ಲ ಇದನ್ನೇ ತಿನ್ನಿಸ್ತಿದ್ಯಾ? ಇದಕ್ಕೆ ನನ್ನ ಹೆಸರು ಬೇರೆ ಕೇಡು!”

ಹೋಟ್ಲು ತಾತನ ಮುಖ ಅರಳಿತು. ಇಷ್ಟು ವರ್ಷ ‘ಏನಪ್ಪಾ’ ಎಂಬ ಒಂದೇ ಮಾತನ್ನು ಕೇಳಿಸಿಕೊಂಡು ಮೂಲೆ ತಿರುಗುತ್ತಿದ್ದ ಮನುಷ್ಯನಿಗೆ ಮಗಳು ಬಾಯಿ ತುಂಬ ಬೈದದ್ದು ಹಬ್ಬವಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಹೊರಗಿನಿಂದ, ಕಿಟಕಿಯ ಸರಳುಗಳ ನಡುವಿನಿಂದ, ಒಂದು ಧ್ವನಿ ಬಂತು. ಜೀವಮಾನವೆಲ್ಲ ಕಚೇರಿಯಲ್ಲಿ ಬೇರೆಯವರ ಟಿಪ್ಪಣಿ ತಿದ್ದಿದ ಮನುಷ್ಯ. ತಪ್ಪು ಹೇಳಿಕೆ ಕಿವಿಗೆ ಬಿದ್ದರೆ ಪ್ರಾಣ ಹೋದರೂ ಸುಮ್ಮನಿರಲಾರರು.

“ಭಾನುವಾರ ಮಾತ್ರ ಕಮ್ಮಿ ಕಣಮ್ಮಾ, ಜನ ಜಾಸ್ತಿ ಅಂತ! ಮಿಕ್ಕ ದಿನ ಈರುಳ್ಳಿ ಸರಿಯಾಗೇ ಹಾಕ್ತಾರೆ!”

ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಯ್ ಕೇಳಿಸಿತು. ಮೊದಲು ನಕ್ಕವರು ಕಟ್ಟೆಯ ಮೇಲಿನ ಇನ್ನಿಬ್ಬರು ಪಿಂಚಣಿದಾರರು. ಅವರಿಗೆ ಎಷ್ಟು ವರ್ಷದಿಂದ ಗೊತ್ತಿತ್ತೋ. ಅಮ್ಮ ಕಿಟಕಿಯ ಕಡೆ ತಿರುಗಿ, ಬಹಳ ವಿನಯದಿಂದ ಹೇಳಿದಳು:

“ಹೌದಾ ಮಾವ? ನನಗೆ ಗೊತ್ತಿರಲಿಲ್ಲ.”

ಹೇಳಿ, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದಳು. ಪಲ್ಯದ ಒಂದು ಚೂರೂ ಬಿಡಲಿಲ್ಲ. ಕಾಫಿ ಕುಡಿದಳು. ಹೊರಡುವಾಗ ಅವಳ ಅಪ್ಪ ಮೆಟ್ಟಿಲತನಕ ಬಂದು, ಎಲ್ಲರಿಗೂ ಕೇಳುವಂತೆ ‘ಹೋಗಿ ಬಾ ಗಿರಿಜಾ’ ಎಂದರು. ಕಟ್ಟೆಯ ಮೇಲೆ ಬೆಳ್ಳಿ ಲೋಟ ಮಾತ್ರ ಇತ್ತು. ಅದನ್ನು ನಾನೇ ಎತ್ತಿಕೊಂಡು ಬಂದೆ.

ಮನೆಗೆ ಓಡಿ ಹೋಗಿ ಮೊದಲು ಕಂಬಕ್ಕೆ ವರದಿ ಒಪ್ಪಿಸಿದ್ದು ನಾನೇ, ಅಕ್ಷರ ಬಿಡದೆ. ಅಜ್ಜಿ ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟರು. ಸೊಸೆ ಹೋಟೆಲಿಗೆ ಹೋದದ್ದು ಅವರಿಗೆ ಕೇಳಿಸಲೇ ಇಲ್ಲ. ‘ಮಿಕ್ಕ ದಿನ?’ ಎಂದರು. ‘ದಿನಾ?’ ಎಂದರು. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಅವರ ನಾಲಿಗೆ ಸಾಣೆ ಹಿಡಿದ ಈಳಿಗೆಯಾಗಿತ್ತು. ಒಂದು ಜೀವಮಾನ ಸೊಸೆಗೆಂದು ಕೂಡಿಟ್ಟಿದ್ದ ಸರಕೆಲ್ಲ ಒಂದೇ ಗಳಿಗೆಯಲ್ಲಿ ಬೇರೆ ವಿಳಾಸಕ್ಕೆ ರವಾನೆಯಾಯಿತು.

“ಹುಳಿಗೆ ಈರುಳ್ಳಿ ಹಾಕಿಲ್ಲ, ಕ್ಷಮಿಸ್ಬೇಕು. ಇವತ್ತು ಭಾನುವಾರ, ಜನ ಜಾಸ್ತಿ.”

ತಾತ ತಲೆಯೆತ್ತಲಿಲ್ಲ. ಅಪ್ಪ ಮೀಸೆ ಒರೆಸಿಕೊಂಡು ಇನ್ನಷ್ಟು ತಲೆ ತಗ್ಗಿಸಿದರು. ಅಮ್ಮ ದಿನಾ ಉಡುವ ಹತ್ತಿ ಸೀರೆಯಲ್ಲಿ, ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ತಾತ ಅನ್ನದಲ್ಲಿ ಗುಳಿ ಮಾಡಿದರು. ಗುಳಿ ಒಣಗಿತು. ‘ಸಾರು ಹಾಕು’ ಎಂದು ಅಪ್ಪಣೆ ಮಾಡುವ ಗಂಟಲು ಅವತ್ತು ಅವರಿಗಿರಲಿಲ್ಲ. ನಾನು ಎಂದೂ ಕೇಳದ ಮೆಲುದನಿಯಲ್ಲಿ, ಹಲ್ವದ ಮೂರನೆಯ ಸಲ ಹೇಗೆ ಕೇಳಿದ್ದರೋ ಹಾಗೆ ಕೇಳಿದರು:

“ಗಿರಿಜಾ, ಒಂಚೂರು ಸಾರು ಹಾಕ್ತೀಯಾಮ್ಮಾ?”

ಅಮ್ಮ ಬಾಗಿಲ ಬಳಿಯಿಂದ ಅಲುಗಲಿಲ್ಲ.

“ಅವಳು ಹೋಟ್ಲಿಂದ ಇನ್ನೂ ಬಂದಿಲ್ಲ ಮಾವ,” ಎಂದಳು. “ಸೀತಾಲಕ್ಷ್ಮಿ ಬಡಿಸಿದ್ರೆ ಆಗುತ್ತಾ?”

ಆಗುತ್ತದೆ ಎಂದು ತಾತ ತಲೆಯಾಡಿಸಿದರು. ಅವಳು ಬಂದು ಸಾರು ಹಾಕಿದಳು. ಬೇಳೆ ತಳದಲ್ಲಿಯೇ ಉಳಿದಿತ್ತು, ಬರೀ ತಿಳಿ ಬಿತ್ತು. ಅದನ್ನು ಹೋಟ್ಲು ಸಾರು ಎಂದು ಯಾರೂ ಅನ್ನಲಿಲ್ಲ.